ಪ್ಲಾಸ್ಮಿಡ್ ಒಳಹೊಕ್ಕರೆ ಸಾಲದು

ಪ್ರಶ್ನೆ: ಮೇಡಂ, ಪಿಇಟಿ-28ಎ ಪ್ಲಾಸ್ಮಿಡ್‌ಗೆ ಸೇರಿಸಿದ ನನ್ನ ಜೀನ್ ಇ. ಕೋಲಿಯಲ್ಲಿ ಚೆನ್ನಾಗಿ ಕೂತಿದೆ. ಸ್ಯೂಡೊಮೊನಾಸ್ ಪ್ಯುಟಿಡಾಗೆ ಹಾಕಲು ಕ್ಯಾಲ್ಸಿಯಂ ಕ್ಲೋರೈಡ್ ಬಳಸಿ 42 ಡಿಗ್ರಿ ಶಾಖ ಕೊಟ್ಟೆ. ನಾಲ್ಕು ಸಲವೂ ಕ್ಯಾನಮೈಸಿನ್ ಪ್ಲೇಟ್ ಖಾಲಿ. ನನ್ನ ಕೈಗುಣವೇ ಸರಿಯಿಲ್ಲವೇ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಕೈಗುಣವನ್ನು ದೂರಬೇಡಿ. ನೀವು ಆರಿಸಿದ ಪ್ಲಾಸ್ಮಿಡ್ ಇ. ಕೋಲಿ ಮತ್ತು ಅದರ ಹತ್ತಿರದ ಬಂಧುಗಳಲ್ಲಿ ಮಾತ್ರ ತನ್ನ ಪ್ರತಿ ಮಾಡಿಕೊಳ್ಳಬಲ್ಲದು. ಪ್ಯುಟಿಡಾ ಒಳಗೆ ಹೊಕ್ಕರೂ ಪ್ರತಿಯಾಗದೆ, ಕೋಶಗಳು ಒಡೆದು ಎರಡಾಗುತ್ತ ಹೋದಂತೆ ಕಳೆದುಹೋಗುತ್ತದೆ. ದಾರಿ ಹುಡುಕುವ ಮೊದಲು ಪ್ಲಾಸ್ಮಿಡ್ ಬದಲಿಸಿ. ಜೆಂಟಮೈಸಿನ್ ನಿರೋಧಕ ಜೀನ್ ಇರುವ ಪಿಬಿಬಿಆರ್1ಎಂಸಿಎಸ್-5 ನಿಮ್ಮ ಕೆಲಸಕ್ಕೆ ಒಗ್ಗುತ್ತದೆ.

ಎಲೆಕ್ಟ್ರೋಪೊರೇಶನ್ (ವಿದ್ಯುತ್ ಆಘಾತ ಕೊಟ್ಟು ಪ್ಲಾಸ್ಮಿಡ್ ಒಳಹೊಗಿಸುವ) ಸೌಲಭ್ಯವಿದ್ದರೆ ಅದೇ ಬೇಗ ಮುಗಿಯುವ ದಾರಿ. ಕೋಶಗಳನ್ನು ಸಕ್ಕರೆ (ಸುಕ್ರೋಸ್) ದ್ರಾವಣದಲ್ಲಿ ಚೆನ್ನಾಗಿ ತೊಳೆಯಿರಿ. ಉಪ್ಪು ಉಳಿದರೆ ಕಿಡಿ ಹಾರಿ ಎಲ್ಲವೂ ಹಾಳು.

ಯಂತ್ರವಿಲ್ಲದಿದ್ದರೂ ಚಿಂತೆಯಿಲ್ಲ. ನನಗಂತೂ ಕಾಂಜುಗೇಶನ್ನೇ ಹೆಚ್ಚು ಇಷ್ಟ, ಕೋಶದಿಂದ ಕೋಶಕ್ಕೆ ಪ್ಲಾಸ್ಮಿಡ್ ದಾಟಿಸುವ ಕೆಲಸವನ್ನು ಬ್ಯಾಕ್ಟೀರಿಯಾಗಳೇ ಮಾಡಿಕೊಡುತ್ತವೆ. ನಿಮ್ಮ ಪ್ಲಾಸ್ಮಿಡ್ ಇರುವ ಇ. ಕೋಲಿ, ಸಾಗಿಸುವ ವ್ಯವಸ್ಥೆ ಒದಗಿಸುವ ಪಿಆರ್‌ಕೆ-2013 ಇರುವ ಇನ್ನೊಂದು ಇ. ಕೋಲಿ, ಜೊತೆಗೆ ಪ್ಯುಟಿಡಾ: ಮೂರನ್ನೂ ಆಂಟಿಬಯಾಟಿಕ್ ಹೋಗುವಂತೆ ತೊಳೆದು ಬೆರೆಸಿ, ಆಂಟಿಬಯಾಟಿಕ್ ಇಲ್ಲದ ಎಲ್‌ಬಿ ಅಗರ್ ಮೇಲೆ ಒಂದು ಹನಿ ಇಟ್ಟು, ರಾತ್ರಿಯಿಡೀ 30 ಡಿಗ್ರಿಯಲ್ಲಿ ಬಿಡಿ. ಶೇಕರ್‌ಗೆ ಹಾಕಬೇಡಿ. ಈ ವ್ಯವಸ್ಥೆಯ ಪೈಲಸ್ (ಕೋಶಗಳನ್ನು ಜೋಡಿಸುವ ಎಳೆ) ಗಿಡ್ಡ, ಬಿರುಸು. ಅಲುಗಾಡುವ ದ್ರವದಲ್ಲಿ ಜೋಡಿ ನಿಲ್ಲುವುದಿಲ್ಲ.

ಮರುದಿನ ಇ. ಕೋಲಿಯನ್ನು ಹೊರಗಿಡಬೇಕಲ್ಲ? ಸಿಟ್ರೇಟ್ ಮಾತ್ರ ಆಹಾರವಾಗಿರುವ ಎಂ9 ಅಗರ್‌ಗೆ ಜೆಂಟಮೈಸಿನ್ ಸೇರಿಸಿ ಬಳಿಯಿರಿ. ಗಾಳಿಯಾಡುವಲ್ಲಿ ಇ. ಕೋಲಿಗೆ ಸಿಟ್ರೇಟ್ ದಕ್ಕುವುದಿಲ್ಲ, ಪ್ಯುಟಿಡಾಗೆ ದಕ್ಕುತ್ತದೆ. ಪಿಆರ್‌ಕೆ-2013 ತಾನೇ ಕ್ಯಾನಮೈಸಿನ್ ನಿರೋಧಕ. ಜೆಂಟಮೈಸಿನ್ ಹೇಳಿದ್ದು ಅದಕ್ಕೇ. ಮೂರೂ ತಳಿಗಳನ್ನು ಒಂಟಿಯಾಗಿಯೂ ಅದೇ ಅಗರ್ ಮೇಲೆ ಬಳಿಯಲು ಮರೆಯಬೇಡಿ. ಆ ಪ್ಲೇಟ್‌ಗಳು ಖಾಲಿ ಇದ್ದರೆ ಮಾತ್ರ ನಿಮ್ಮ ಕಾಲೊನಿಗಳನ್ನು ನಂಬಬಹುದು.

ಪ್ರಶ್ನೆ: ಪ್ರಯೋಗಾಲಯದಲ್ಲಿ ನಡೆಯುವ ಬ್ಯಾಕ್ಟೀರಿಯಾಗಳ ಈ ಪ್ಲಾಸ್ಮಿಡ್ ವಿನಿಮಯ ನಮ್ಮ ಹೊಟ್ಟೆಯೊಳಗೂ ನಡೆಯುತ್ತದಂತೆ, ನಿಜವೇ?
– ಗೃಹಿಣಿ, ಮೈಸೂರು

ಉತ್ತರ: ನಿಜ, ತಾಯಿ. 1950ರ ದಶಕದಲ್ಲಿ ಜಪಾನಿನಲ್ಲಿ ಆಮಶಂಕೆ ತರುವ ಶಿಗೆಲ್ಲಾ ಒಟ್ಟಿಗೇ ನಾಲ್ಕು ಔಷಧಿಗಳಿಗೆ ಬಗ್ಗದಾಯಿತು. ಆ ಶಕ್ತಿ ಶಿಗೆಲ್ಲಾ ಮತ್ತು ಇ. ಕೋಲಿ ನಡುವೆ ದಾಟುತ್ತದೆಂದು 1959ರಲ್ಲಿ ಒಚಿಯಾಯ್ ಮತ್ತು ಅಕಿಬಾ ಅವರ ತಂಡಗಳು ತೋರಿಸಿದವು. ಒಂದೇ ಪ್ಲಾಸ್ಮಿಡ್ ಹಲವು ನಿರೋಧಕ ಜೀನ್‌ಗಳನ್ನು ಹೊತ್ತೊಯ್ಯುತ್ತದೆ. ನಾವು ಆಂಟಿಬಯಾಟಿಕ್ ನುಂಗಿದಾಗ ಬಗ್ಗುವವು ಸಾಯುತ್ತವೆ, ಪ್ಲಾಸ್ಮಿಡ್ ಇರುವವಕ್ಕೆ ಜಾಗ ತೆರವಾಗುತ್ತದೆ. ದಯವಿಟ್ಟು ವೈದ್ಯರ ಚೀಟಿಯಿಲ್ಲದೆ ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ತರಿಸಬೇಡಿ.