ನಿಯಮಗಿರಿ ತೀರ್ಪು (2013): ಬೆಟ್ಟದ ಜನರ ಹಕ್ಕು

ನಿಯಮಗಿರಿ ಬೆಟ್ಟಸಾಲು ಒಡಿಶಾದ ರಾಯಗಡ ಮತ್ತು ಕಾಳಾಹಂಡಿ ಜಿಲ್ಲೆಗಳಲ್ಲಿ ಹಬ್ಬಿದೆ. ಇದು ಡೋಂಗ್ರಿಯಾ ಕೋಂಧರ ನೆಲೆ. ಇವರು ವಿಶೇಷ ದುರ್ಬಲ ಬುಡಕಟ್ಟು ಗುಂಪಿಗೆ (ಪಿವಿಟಿಜಿ) ಸೇರಿದವರು. ಕರ್ನಾಟಕದಲ್ಲಿ ಈ ಪಟ್ಟಿಯಲ್ಲಿರುವವರು ಜೇನುಕುರುಬರು ಮತ್ತು ಕೊರಗರು. ಡೋಂಗ್ರಿಯಾರ ಭಾಷೆ ಕುವಿ, ಕನ್ನಡದಂತೆ ದ್ರಾವಿಡ ಕುಲದ್ದು. ಅವರ ದೈವ ನಿಯಮರಾಜ. ಬೆಟ್ಟದ ನೆತ್ತಿಯೇ ಅವನ ನೆಲೆ.

ಅದೇ ನೆತ್ತಿಯಲ್ಲಿ ಬಾಕ್ಸೈಟ್ ಅದಿರೂ ಇದೆ. ಅದನ್ನು ಅಗೆದು ವೇದಾಂತ ಸಮೂಹದ ಲಾಂಜಿಗಢ ಅಲ್ಯುಮಿನಾ ಘಟಕಕ್ಕೆ ಒದಗಿಸುವುದು ಯೋಜನೆಯಾಗಿತ್ತು. ಎನ್.ಸಿ. ಸಕ್ಸೇನಾ ಸಮಿತಿಯ ವರದಿ ಬಂದ ಮೇಲೆ, 2010ರ ಆಗಸ್ಟ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಅರಣ್ಯ ಅನುಮತಿ ನಿರಾಕರಿಸಿತು. ಇದನ್ನು ಪ್ರಶ್ನಿಸಿ ಒಡಿಶಾ ಗಣಿ ನಿಗಮ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು.

2013ರ ಏಪ್ರಿಲ್ 18ರ ತೀರ್ಪು ಪರೀಕ್ಷಾ ದೃಷ್ಟಿಯಿಂದ ಬಹುಮುಖ್ಯ. ಅರಣ್ಯ ಹಕ್ಕುಗಳ ಕಾಯ್ದೆ 2006ರ ಜೊತೆಗೆ ಸಂವಿಧಾನದ 25 ಮತ್ತು 26ನೇ ವಿಧಿಗಳನ್ನೂ ನ್ಯಾಯಾಲಯ ಪರಿಗಣಿಸಿತು. ಗಣಿಗಾರಿಕೆಯಿಂದ ಬುಡಕಟ್ಟಿನವರ ಪೂಜಾ ಹಕ್ಕಿಗೆ ಧಕ್ಕೆಯಾಗುತ್ತದೆಯೇ ಎಂಬುದನ್ನು ಗ್ರಾಮಸಭೆಯೇ ಪರಿಶೀಲಿಸಲಿ ಎಂದಿತು. ಬೆಟ್ಟದವರ ನಂಬಿಕೆಗೆ ಕಾನೂನಿನ ತೂಕ ಸಿಕ್ಕ ಈ ಅಂಶವೇ ತೀರ್ಪಿನ ಜೀವಾಳ. ಅಭ್ಯರ್ಥಿಗಳು ಇದನ್ನು ಬರೀ ಗಣಿ ವ್ಯಾಜ್ಯವೆಂದು ಓದಬಾರದು.

ಸಭೆಗಳಿಗೆ 12 ಹಳ್ಳಿಗಳನ್ನು ಆಯ್ದದ್ದು ರಾಜ್ಯ ಸರ್ಕಾರ. ಬೆಟ್ಟದಲ್ಲಿ ಹಳ್ಳಿಗಳಿರುವುದು ನೂರಕ್ಕೂ ಹೆಚ್ಚು, ಹಾಗಾಗಿ ಈ ಆಯ್ಕೆಗೆ ಆಕ್ಷೇಪ ಬಂದದ್ದು ನ್ಯಾಯವೇ. ಜುಲೈ–ಆಗಸ್ಟ್‌ನಲ್ಲಿ ಜಿಲ್ಲಾ ನ್ಯಾಯಾಧೀಶರ ಸಮ್ಮುಖದಲ್ಲಿ ಸಭೆಗಳು ನಡೆದವು. ಹನ್ನೆರಡೂ ಹಳ್ಳಿಗಳು ಗಣಿಗಾರಿಕೆಯನ್ನು ತಿರಸ್ಕರಿಸಿದವು. 2014ರ ಜನವರಿಯಲ್ಲಿ ಸಚಿವಾಲಯ ಯೋಜನೆಯನ್ನು ಅಂತಿಮವಾಗಿ ತಿರಸ್ಕರಿಸಿತು.