ಹಳೆ ತೊಲೆಗಳ ಲೆಕ್ಕ

ಅಕೌಂಟೆನ್ಸಿಯಲ್ಲಿ ಸವಕಳಿ ಪಾಠ ನಡೆಯುತ್ತಿದ್ದಾಗಲೇ ಮಸ್ಕಿಯಲ್ಲಿದ್ದ ನಮ್ಮ ದಾದಾ ಅವರ ಮಣ್ಣಿನ ಮಾಳಿಗೆ ಮನೆಯನ್ನು ಕೆಡವಿದರು. ಗೋಡೆ ಬಿರುಕು ಬಿಟ್ಟಿತ್ತು, ಬೇರೆ ದಾರಿ ಇರಲಿಲ್ಲ. ಹಳೆ ಕಟ್ಟಿಗೆ ವ್ಯಾಪಾರಿಯೊಬ್ಬರು ಬಂದು 14 ತೇಗದ ತೊಲೆಗಳಿಗೆ ಒಟ್ಟು 15 ಸಾವಿರ ಹೇಳಿದರು. ಅಬ್ಬಾ ಒಪ್ಪುವುದರಲ್ಲಿದ್ದರು. ನಾನು ಟೇಪ್ ಹಿಡಿದು ಅಳೆದೆ.

ಕಟ್ಟಿಗೆಯನ್ನು ಘನ ಅಡಿಯಲ್ಲಿ ಮಾರುತ್ತಾರೆ. ಉದ್ದವನ್ನು ಅಡಿಯಲ್ಲಿ, ಅಗಲ ಮತ್ತು ದಪ್ಪವನ್ನು ಇಂಚಿನಲ್ಲಿ ಹಿಡಿದು ಗುಣಿಸಿ, 144ರಿಂದ ಭಾಗಿಸಬೇಕು. ನಮ್ಮ ತೊಲೆ 10 ಅಡಿ ಉದ್ದ, 6 ಇಂಚು ಅಗಲ, 4 ಇಂಚು ದಪ್ಪ. ಒಂದಕ್ಕೆ 1.67 ಘನ ಅಡಿ, 14ಕ್ಕೆ 23ಕ್ಕಿಂತ ಸ್ವಲ್ಪ ಹೆಚ್ಚು. ಅಂದರೆ ಘನ ಅಡಿಗೆ 650 ರೂಪಾಯಿಯೂ ಬೀಳಲಿಲ್ಲ. ಲಿಂಗಸುಗೂರಿನಲ್ಲಿ ಹೊಸ ತೇಗದ ದರ ಕೇಳಿದರೆ ಅದರ ನಾಲ್ಕು ಪಟ್ಟಿಗೂ ಹೆಚ್ಚು! ಆಯುಸ್ಸು ಮುಗಿದ ಆಸ್ತಿಗೆ ನಾವು ಗುಜರಿ ಬೆಲೆ ಬರೆಯುತ್ತೇವೆ. ಇಲ್ಲಿ ಮುಗಿದದ್ದು ಗೋಡೆಯ ಆಯುಸ್ಸು, ತೊಲೆಯದ್ದಲ್ಲ.

ಹಾಗಂತ ಎಲ್ಲ ತೊಲೆಯೂ ಗಟ್ಟಿ ಇರಲಿಲ್ಲ. ಬಡಿಗೇರರು ಸುತ್ತಿಗೆಯಿಂದ ತಟ್ಟಿ ನೋಡಿದರು. ಟಣ್ ಎಂದರೆ ಸರಿ, ಬೊದ್ದೆಂದರೆ ಒಳಗೆ ಟೊಳ್ಳು. ಗೋಡೆಯೊಳಗೆ ಹುದುಗಿದ್ದ ತುದಿಗಳೇ ಮೊದಲು ಕೊಳೆಯುತ್ತವೆ, ಅಲ್ಲಿ ಉಳಿಯಿಂದ ಚುಚ್ಚಿ ನೋಡಬೇಕು. ಮೂರು ಹೋದವು, 11 ಉಳಿದವು. ಹಳೆ ಮೊಳೆ ಕೀಳದೆ ಗರಗಸ ಹಾಕುವಂತಿಲ್ಲ. ಅದಕ್ಕೇ ಎರಡು ದಿನದ ಕೂಲಿ ಹೋಯಿತು. ಅದನ್ನೂ ಖರ್ಚಿಗೆ ಸೇರಿಸಲೇಬೇಕು.

ದಾದಾ ಅವರ ಮನೆ ಮೇ ತಿಂಗಳ ಮಧ್ಯಾಹ್ನವೂ ತಂಪಾಗಿತ್ತು. ತೊಲೆ, ಜಂತೆ, ಅದರ ಮೇಲೆ ದಪ್ಪ ಮಣ್ಣು, ಮಳೆಗಾಲಕ್ಕೆ ಮುಂಚೆ ಸವಳು ಮಣ್ಣಿನ ಹೊದಿಕೆ. ದಪ್ಪ ಮಣ್ಣಿನಲ್ಲಿ ಶಾಖ ನಿಧಾನವಾಗಿ ಇಳಿಯುತ್ತದೆ, ಒಳಗೆ ತಲುಪುವಷ್ಟರಲ್ಲಿ ಸಂಜೆ ಆಗಿರುತ್ತದೆ. ಸಿಂಧನೂರಿನ ನಮ್ಮ ಆರ್‌ಸಿಸಿ ಮನೆಯಲ್ಲಿ ಕೂಲರ್ ನಿಲ್ಲುವುದೇ ಇಲ್ಲ.

ಆದರೂ ಹಾಗೇ ಮತ್ತೆ ಕಟ್ಟುವುದು ಬೇಡ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದಲ್ಲಿ ಕಲ್ಲು-ಮಣ್ಣಿನ ಗೋಡೆ ಮತ್ತು ಭಾರದ ಮಣ್ಣಿನ ಮಾಳಿಗೆ ಕುಸಿದು ಮಲಗಿದ್ದ ಸಾವಿರಾರು ಜನ ಸತ್ತರು. ಹಾಗಾಗಿ ಕಟ್ಟಿಗೆ ಉಳಿಸಿಕೊಂಡು ಭಾರ ಇಳಿಸುವುದು ನನ್ನ ಯೋಜನೆ. ಸಿಂಧನೂರಿನ ಮನೆಯ ಮೇಲೆ ಕಂಬ-ತೊಲೆಗಳ ಒಂದು ಕೋಣೆ, ಮೂಲೆಗಳಿಗೆ ಓರೆ ಪಟ್ಟಿ, ಮೇಲೆ ಮಂಗಳೂರು ಹೆಂಚು. ಹೆಂಚಿನ ಕೆಳಗೆ ಹಳೆ ಬಾಗಿಲುಗಳ ಹಲಗೆ ಹೊದಿಸಿ, ನಡುವೆ ಗಾಳಿ ಆಡಲು ಜಾಗ ಬಿಟ್ಟರೆ ಬಿಸಿಗಾಳಿ ಹೊರಗೆ ಹೋಗುತ್ತದೆ. ಕೆಳಗಿನ ಸ್ಲ್ಯಾಬಿಗೂ ನೆರಳು ಸಿಗುತ್ತದೆ. ಆ ಸ್ಲ್ಯಾಬ್ ಭಾರ ತಡೆಯುತ್ತದೆಯೇ ಎಂದು ಎಂಜಿನಿಯರ್ ಒಬ್ಬರಿಗೆ ಮೊದಲು ತೋರಿಸಬೇಕು.

ನನ್ನ ಪರೀಕ್ಷೆ ಮುಗಿದ ಮೇಲೆ ಶುರು ಮಾಡೋಣ ಎಂದಿದ್ದಾರೆ ಅಬ್ಬಾ. ಅಲ್ಲಿಯವರೆಗೆ ತೊಲೆಗಳು ನೆಲಕ್ಕೆ ತಾಗದಂತೆ ಇಟ್ಟಿಗೆಗಳ ಮೇಲೆ, ತಾಡಪತ್ರಿ ಹೊದ್ದು ಮಲಗಿವೆ.