ಸಿದ್ಧ ಚಾಸಿಯ ಮೇಲೆ ಬಗ್ಗಿ: ಕಟ್ಟುವ ಮುನ್ನ ತಿಳಿಯತಕ್ಕ ವಿಷಯಗಳು



ಕಳೆದ ತಿಂಗಳು ನಾವು ಸಂಘದ ಕೆಲಸದ ಮೇಲೆ ಮಂಡ್ಯಕ್ಕೆ ಹೋಗಿದ್ದಾಗ ವಿ.ಸಿ. ಫಾರಂಗೂ ಹೋಗಿ ಬಂದೆವು. ನಮ್ಮ ಸದಸ್ಯರೊಬ್ಬರ ಮಗ ಅಲ್ಲಿನ ಕೃಷಿ ಕಾಲೇಜಿನಲ್ಲಿ ಓದುತ್ತಿದ್ದಾನೆ. ತೋಟದೊಳಗೆ ಕಾಫಿ ಹಣ್ಣು, ಅಡಿಕೆ ಗೊನೆ ಸಾಗಿಸಲು ಒಂದು ಬಗ್ಗಿ ಕಟ್ಟಬೇಕೆಂದು ಅವನ ಆಸೆ. ಪೈಪಿನಿಂದ ಮಾಡಿದ ಸಿದ್ಧ ಚಾಸಿಯನ್ನು ಕೊಂಡು, ಹಳೆಯ ಮಾರುತಿ 800 ಕಾರಿನ ಎಂಜಿನನ್ನು ಅದರ ಹಿಂಭಾಗದಲ್ಲಿ ಕೂರಿಸುವ ಯೋಜನೆ. ತಂದೆಯವರು ಸಂಘದಲ್ಲಿ ಸಾಲಕ್ಕೆ ಅರ್ಜಿ ಕೊಟ್ಟಿದ್ದಾರೆ. ಅದನ್ನು ಆಡಳಿತ ಮಂಡಳಿಯ ಮುಂದಿಡುವ ಮೊದಲು ಹುಡುಗನ ಬಾಯಿಂದಲೇ ವಿಷಯ ಕೇಳೋಣವೆಂದು ಹೋದೆವು.

"ಚಾಸಿ ರೆಡಿಮೇಡ್ ಬರುತ್ತೆ ಮಾವ. ಎಂಜಿನ್ ಕೂರಿಸಿ ಬೋಲ್ಟ್ ಬಿಗಿದರೆ ಮುಗೀತು" ಎಂದ.

ಆ ಒಂದು ಮಾತೇ ಈ ಲೇಖನಕ್ಕೆ ಕಾರಣ. ಇಂತಹ ಗಾಡಿಗಳ ಬಗ್ಗೆ ಇನ್ನೂ ಮೂರು ನಾಲ್ಕು ಸದಸ್ಯರು ನಮ್ಮನ್ನು ವಿಚಾರಿಸಿದ್ದಾರೆ. ಆದ್ದರಿಂದ ತಿಳಿದಷ್ಟನ್ನು ಎಲ್ಲರ ಗಮನಕ್ಕೆ ತರುವುದು ಒಳ್ಳೆಯದೆಂದು ಬರೆಯುತ್ತಿದ್ದೇವೆ.

ಬಗ್ಗಿ ಎಂದರೇನು?

ಇದು ಅಮೆರಿಕದ ಕ್ಯಾಲಿಫೋರ್ನಿಯಾದ ಮರಳು ದಿಣ್ಣೆಗಳಲ್ಲಿ ಬೆಳೆದ ಗಾಡಿ. ದೋಣಿ ಕಟ್ಟುವ ಕೆಲಸ ಬಲ್ಲ ಬ್ರೂಸ್ ಮೈಯರ್ಸ್ ಎಂಬವರು 1964ರಲ್ಲಿ ಫೈಬರ್ ಗ್ಲಾಸಿನ ಹಗುರ ಒಡಲು ಮಾಡಿ ಅದಕ್ಕೆ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್ ಮತ್ತು ಚಕ್ರಗಳನ್ನು ಜೋಡಿಸಿದರು. ಮುಂದೆ ಬೀಟಲ್‌ನ ತಳಪಾಯವನ್ನೇ ಸುಮಾರು 36 ಸೆಂ.ಮೀ. ಕತ್ತರಿಸಿ ಗಿಡ್ಡ ಮಾಡಿ, ಅದರ ಮೇಲೆ ಒಡಲು ಕೂರಿಸುವ ಪದ್ಧತಿ ಬಂತು. ಬೀಟಲ್‌ನ ಎಂಜಿನ್ ಹಿಂದೆ ಇರುತ್ತದೆ, ಗಾಳಿಯಿಂದಲೇ ತಣ್ಣಗಾಗುತ್ತದೆ. ಭಾರವೆಲ್ಲ ಎಳೆಯುವ ಹಿಂದಿನ ಚಕ್ರಗಳ ಮೇಲೆ ಬೀಳುವುದರಿಂದ ಮರಳಿನಲ್ಲಿ ಹಿಡಿತ ಸಿಗುತ್ತದೆ. ಹಳೆಯ ತಳಪಾಯ ಕತ್ತರಿಸುವ ಕಷ್ಟ ತಪ್ಪಿಸಲು ಬೇರೆ ತಯಾರಕರು ಪೈಪಿನ ಸಿದ್ಧ ಚಾಸಿಗಳನ್ನು ಮಾರತೊಡಗಿದರು. ನಮ್ಮ ಹುಡುಗ ಹೇಳುವುದು ಈ ಬಗೆಯದನ್ನೇ.

ಆದರೆ ಮರಳು ದಿಣ್ಣೆ ಬೇರೆ, ಮಳೆಗಾಲದ ಮಲೆನಾಡಿನ ಜೇಡಿಮಣ್ಣು ಬೇರೆ. ಅಲ್ಲಿ ಒಬ್ಬರೋ ಇಬ್ಬರೋ ಮೋಜಿಗಾಗಿ ಓಡಿಸುತ್ತಾರೆ. ನಮ್ಮಲ್ಲಿ ಅದು ಮೂಟೆ ಹೊರಬೇಕು.

ಬೆರಕೆಗೆ ಪರೀಕ್ಷೆ ಬೇಕು

ವಿ.ಸಿ. ಫಾರಂ ಎಂದೊಡನೆ ಹಳಬರಿಗೆ ನೆನಪಾಗುವುದು ರಾಗಿ ಲಕ್ಷ್ಮಣಯ್ಯನವರು. ನಮ್ಮ ನಾಡಿನ ರಾಗಿಗೆ ಆಫ್ರಿಕಾದ ರಾಗಿಯನ್ನು ಬೆರೆಸಿ ಇಂಡಾಫ್ ತಳಿಗಳನ್ನು ಕೊಟ್ಟವರು. ಬೆರಕೆ ಮಾಡಿದ ಮರುದಿನವೇ ಬೀಜ ರೈತನ ಕೈಗೆ ಹೋಗುವುದಿಲ್ಲ. ಪೀಳಿಗೆಯ ಮೇಲೆ ಪೀಳಿಗೆ ತಾಕಿನಲ್ಲಿ ಬೆಳೆದು, ಬೇಡದ್ದನ್ನು ಕಿತ್ತು, ಉಳಿದುದನ್ನು ತೂಗಿ ನೋಡಿದ ಮೇಲೆಯೇ ಬಿಡುಗಡೆ. ಇದನ್ನು ಆ ಹುಡುಗ ತರಗತಿಯಲ್ಲಿ ಓದಿದ್ದಾನೆ. ಒಂದು ಕಡೆಯ ಚಾಸಿ, ಇನ್ನೊಂದು ಕಡೆಯ ಎಂಜಿನ್, ಮತ್ತೊಂದು ಕಡೆಯ ಚಕ್ರ ಸೇರಿದ ಗಾಡಿಯೂ ಬೆರಕೆಯೇ. ಬಿಡಿಬಿಡಿಯಾಗಿ ಎಲ್ಲವೂ ಚೆನ್ನಾಗಿದ್ದರೂ ಕೂಡಿದಾಗ ಹೇಗೆ ನಡೆಯುತ್ತವೆ ಎಂಬುದನ್ನು ಪರೀಕ್ಷೆಯೇ ಹೇಳಬೇಕು. ಪರೀಕ್ಷಿಸತಕ್ಕ ಮುಖ್ಯ ವಿಷಯಗಳು ಹೀಗಿವೆ.

1. ಪೈಪು ಮತ್ತು ಬೆಸುಗೆ: ನಮ್ಮ ದೇಶದಲ್ಲಿ 2007ರಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಬಾಹಾ ಎಂಬ ಬಗ್ಗಿ ಕಟ್ಟುವ ಸ್ಪರ್ಧೆ ನಡೆಯುತ್ತಿದೆ. ಅದರ ನಿಯಮದಲ್ಲಿ ಸವಾರನ ಸುತ್ತಲಿನ ಮುಖ್ಯ ಪೈಪಿಗೆ ಹೇಳಿರುವ ಮೂಲ ಅಳತೆ 25 ಮಿ.ಮೀ. ಹೊರ ವ್ಯಾಸ, 3 ಮಿ.ಮೀ. ದಪ್ಪ, ಉಕ್ಕಿನಲ್ಲಿ ಇಂಗಾಲ ಕನಿಷ್ಠ ಶೇ. 0.18. ಅದೂ ಒಬ್ಬನೇ ಕೂರುವ, ಮೂಟೆ ಹೊರದ ಗಾಡಿಗೆ. ಮಾರುವವರಿಂದ ಪೈಪಿನ ದಪ್ಪವನ್ನು ಬರಹದಲ್ಲಿ ಪಡೆಯಿರಿ. ನೀರಿನ ಜಿ.ಐ. ಪೈಪು ಈ ಕೆಲಸಕ್ಕೆ ಸಲ್ಲದು. ಅದರ ಸತುವಿನ ಲೇಪ ಬೆಸುಗೆಯನ್ನು ಕೆಡಿಸುತ್ತದೆ, ಅದರ ಹೊಗೆ ಬೆಸುಗೆಯವನ ಆರೋಗ್ಯವನ್ನು ಕೆಡಿಸುತ್ತದೆ.

2. ಹಿಂದಿನ ಚಕ್ರದ ಕಡ್ಡಿ: ಮಾರುತಿ 800ರ ಎಂಜಿನ್ ಮುಂದೆ ಇದ್ದು ಮುಂಚಕ್ರಗಳನ್ನೇ ಎಳೆಸುತ್ತದೆ. ಅದನ್ನು ಚಕ್ರದ ಜೋಡಣೆಯ ಸಮೇತ ಹಿಂದಕ್ಕೆ ತಂದಾಗ, ಸ್ಟೇರಿಂಗಿಗೆ ತಿರುಗುತ್ತಿದ್ದ ಚಕ್ರಗಳು ಹಿಂದಕ್ಕೆ ಬರುತ್ತವೆ. ಅವು ತಿರುಗದಂತೆ ಗಟ್ಟಿ ಕಡ್ಡಿಯಿಂದ ಚಾಸಿಗೆ ಬಂಧಿಸಬೇಕು. ಆ ಕಡ್ಡಿ ಸಡಿಲವಾದರೆ ಹಿಂದಿನ ಚಕ್ರವೇ ಗಾಡಿಯನ್ನು ತನಗೆ ಬೇಕಾದ ಕಡೆಗೆ ಎಳೆಯುತ್ತದೆ.

3. ಬ್ರೇಕು: ಕಾರಿನಲ್ಲಿ ಮುಂದಿನ ಬ್ರೇಕಿಗೆ ಹೆಚ್ಚು ಬಲ. ಜೋಡಣೆಯನ್ನು ಹಿಂದಕ್ಕೆ ತಂದರೆ ಆ ದೊಡ್ಡ ಬ್ರೇಕೂ ಹಿಂದಕ್ಕೆ ಬರುತ್ತದೆ. ಇಳಿಜಾರಿನಲ್ಲಿ ಪೆಡಲ್ ಒತ್ತಿದಾಗ ಹಿಂಚಕ್ರ ಮೊದಲು ಕಚ್ಚಿ ಗಾಡಿ ಅಡ್ಡ ತಿರುಗುವುದು. ಮುಂದೆ ಹಿಂದೆ ಬಲ ಸರಿಯಾಗಿ ಹಂಚುವಂತೆ ಮಾಡಿಸಿ, ಸಮನೆಲದಲ್ಲಿ ಖಾಲಿ ಗಾಡಿಯಲ್ಲೂ ಮೂಟೆ ಹೇರಿದ ಗಾಡಿಯಲ್ಲೂ ನಿಧಾನವಾಗಿ ಪರೀಕ್ಷಿಸಬೇಕು.

4. ತೂಕ ಎಲ್ಲಿದೆ?: ಸಂಘದ ತೂಕದ ಕಟ್ಟೆಯ ಮೇಲೆ ಮುಂಚಕ್ರಗಳನ್ನೂ ಹಿಂಚಕ್ರಗಳನ್ನೂ ಬೇರೆ ಬೇರೆಯಾಗಿ ತೂಗಿ. ಉದಾಹರಣೆಗೆ ಮುಂದೆ 160 ಕೆ.ಜಿ., ಹಿಂದೆ 240 ಕೆ.ಜಿ., ಎರಡು ಅಚ್ಚುಗಳ ನಡುವೆ 180 ಸೆಂ.ಮೀ. ಎಂದುಕೊಳ್ಳಿ. ಹಿಂದಿನ ಅಚ್ಚಿನಿಂದ 40 ಸೆಂ.ಮೀ. ಹಿಂದಕ್ಕೆ ಚಾಚಿದ ಕ್ಯಾರಿಯರ್ ಮೇಲೆ 50 ಕೆ.ಜಿ.ಯ ಮೂರು ಮೂಟೆ ಹೇರಿದರೆ, ಮುಂಚಕ್ರದ ಮೇಲಿನ ಭಾರ 33 ಕೆ.ಜಿ. ಇಳಿಯುತ್ತದೆ. ಏರು ಹತ್ತುವಾಗ ಇನ್ನೂ ಇಳಿಯುತ್ತದೆ. ಮುಂಚಕ್ರ ಹಗುರವಾದಷ್ಟೂ ಸ್ಟೇರಿಂಗ್ ಮಾತು ಕೇಳದು. ಆದ್ದರಿಂದ ಮೂಟೆಯ ಜಾಗ ಎರಡು ಅಚ್ಚುಗಳ ನಡುವೆಯೇ ಇರತಕ್ಕದ್ದು.

5. ಮಗುಚುವ ಲೆಕ್ಕ: ಎಡ ಬಲ ಚಕ್ರಗಳ ನಡುವಿನ ಅಂತರ 120 ಸೆಂ.ಮೀ., ಗುರುತ್ವ ಕೇಂದ್ರದ ಎತ್ತರ 60 ಸೆಂ.ಮೀ. ಇದ್ದರೆ, ನಿಂತ ಗಾಡಿ 45 ಡಿಗ್ರಿ ಅಡ್ಡ ಇಳಿಜಾರಿನಲ್ಲಿ ಮಗುಚುತ್ತದೆ. ಮೂಟೆ ಹೇರಿ ಕೇಂದ್ರ 80 ಸೆಂ.ಮೀ.ಗೆ ಏರಿದರೆ ಸುಮಾರು 37 ಡಿಗ್ರಿಗೇ ಮಗುಚುತ್ತದೆ. ಓಡುವ ಗಾಡಿ ತಿರುವಿನಲ್ಲಿದ್ದರೆ, ಒಂದು ಚಕ್ರ ಕಲ್ಲು ಹತ್ತಿದರೆ, ಇದರ ಅರ್ಧವನ್ನೂ ನಂಬುವಂತಿಲ್ಲ.

ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಾಯಿತ ವಾಹನವನ್ನು ತಯಾರಕರು ಕೊಟ್ಟ ವಿವರಕ್ಕೆ ಭಿನ್ನವಾಗುವಂತೆ ಮಾರ್ಪಡಿಸಕೂಡದು. ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯಲ್ಲಿ ಇದನ್ನು ಎತ್ತಿ ಹಿಡಿದಿದೆ. ಕಾರು ಬಿಚ್ಚಿ ಎಂಜಿನ್ ತೆಗೆದು ಅದು ಮತ್ತೆ ಓಡದಂತಾದರೆ, 14 ದಿನಗಳೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಿ ಆರ್.ಸಿ. ಪುಸ್ತಕ ಒಪ್ಪಿಸಬೇಕು. ಮನೆಯಲ್ಲಿ ಕಟ್ಟಿದ ಬಗ್ಗಿಗೆ ಮಾದರಿ ಪರೀಕ್ಷೆ ಆಗಿರುವುದಿಲ್ಲವಾದ್ದರಿಂದ ನಂಬರು ಸಿಗದು, ನಂಬರಿಲ್ಲದೆ ವಿಮೆಯೂ ಇಲ್ಲ. ತೋಟದ ಬೇಲಿಯ ಒಳಗೇ ಅದರ ಓಡಾಟ ಮುಗಿಯಬೇಕು. ತೋಟವನ್ನು ಪಂಚಾಯಿತಿ ರಸ್ತೆ ಎರಡು ಭಾಗ ಮಾಡಿದ್ದರೆ ಆ ರಸ್ತೆ ದಾಟುವುದೂ ಸಾರ್ವಜನಿಕ ರಸ್ತೆಯ ಬಳಕೆಯೇ.

ಹುಡುಗನಿಗೆ ರಜೆಯಲ್ಲಿ ನಾಲೆ ಏರಿಯ ಮೇಲೆ ಓಡಿಸಿ ನೋಡುವ ಆಸೆಯೂ ಇತ್ತು. ಇದೇ ವಿಶ್ವೇಶ್ವರಯ್ಯ ನಾಲೆಗೆ 2018ರ ನವೆಂಬರ್ 24ರಂದು ಕನಗನಮರಡಿ ಬಳಿ ಬಸ್ಸು ಉರುಳಿ 30 ಜನ ಸತ್ತದ್ದನ್ನು ನೆನಪಿಸಿದೆವು. ಮತ್ತೆ ಆ ಮಾತು ಎತ್ತಲಿಲ್ಲ.

ನಮ್ಮದೇ ತಪ್ಪು

ಇಷ್ಟೆಲ್ಲ ಹೇಳುವ ನಾವು ಇದನ್ನು ಪುಸ್ತಕದಿಂದ ಮಾತ್ರ ಕಲಿತವರಲ್ಲ. ಸುಮಾರು ಇಪ್ಪತ್ತು ವರ್ಷದ ಹಿಂದೆ ಹಳೆಯ ಜೀಪಿನ ಚಾಸಿಯನ್ನು ಕತ್ತರಿಸಿ ನಾವೇ ಒಂದು ತೋಟದ ಗಾಡಿ ಮಾಡಿಸಿದ್ದೆವು. ಒಂದು ಬೇಸಿಗೆ ಚೆನ್ನಾಗಿ ಓಡಿತು. ಮಳೆ ಹಿಡಿದ ಮೇಲೆ ಒಂದು ಸಂಜೆ ಆರು ಮೂಟೆ ಹೇರಿ, ಅದರ ಮೇಲೆ ಇಬ್ಬರು ಆಳುಗಳನ್ನು ಕೂರಿಸಿಕೊಂಡು ಬರುವಾಗ ತಿರುವಿನಲ್ಲಿ ಮಗುಚಿತು. ಒಬ್ಬನ ಕಾಲು ಗಾಡಿಯಡಿ ಸಿಕ್ಕಿತು. ಆಸ್ಪತ್ರೆಯ ಖರ್ಚು ನಾವೇ ಕೊಟ್ಟೆವು ನಿಜ, ಆದರೆ ಕಾಲು ಮೊದಲಿನಂತಾಗಲಿಲ್ಲ. ಇಂದಿಗೂ ಅವನು ನಮ್ಮ ಕಾಫಿ ಕಣದಲ್ಲಿ ಕುಂಟುತ್ತಲೇ ಕೆಲಸ ಮಾಡುತ್ತಾನೆ. ಒಮ್ಮೆಯಾದರೂ ತೂಗಿ ನೋಡಿದ್ದರೆ, ಮೂಟೆಯ ಮೇಲೆ ಜನ ಕೂರಿಸದಿದ್ದರೆ, ಅದು ತಪ್ಪುತ್ತಿತ್ತು.

ಸದಸ್ಯರಲ್ಲಿ ವಿನಂತಿ

ಬಗ್ಗಿ ಕಟ್ಟಬೇಡಿ ಎಂದು ನಾವು ಹೇಳುವುದಿಲ್ಲ. ಆಳು ಸಿಗದ ಈ ಕಾಲದಲ್ಲಿ ತೋಟಕ್ಕೆ ಸಣ್ಣ ಗಾಡಿ ಬೇಕೇ ಬೇಕು. ಆದರೆ ಸಿದ್ಧ ಚಾಸಿ ಕೊಂಡವನು ಪೈಪಿನ ಗೂಡನ್ನು ಕೊಂಡಿದ್ದಾನೆಯೇ ಹೊರತು ಗಾಡಿಯನ್ನಲ್ಲ. ಅದನ್ನು ಗಾಡಿ ಮಾಡುವ ಹೊಣೆ ಕಟ್ಟುವವನದು. ಸಾಲದ ಅರ್ಜಿಯೊಂದಿಗೆ ಪೈಪಿನ ವಿವರ, ತೂಕದ ಲೆಕ್ಕ, ಬ್ರೇಕಿನ ವ್ಯವಸ್ಥೆ ಹಾಗೂ ಆಳುಗಳನ್ನು ಹತ್ತಿಸುವುದಿಲ್ಲವೆಂಬ ಬರಹ ಇರಬೇಕೆಂದು ಆಡಳಿತ ಮಂಡಳಿಗೆ ಸಲಹೆ ಮಾಡಲಿದ್ದೇವೆ. ತೂಗಲು ಸಂಘದ ತೂಕದ ಕಟ್ಟೆಯನ್ನು ಬಳಸಿಕೊಳ್ಳಬಹುದು, ಶುಲ್ಕವಿಲ್ಲ.

ಮೊನ್ನೆ ಹುಡುಗ ಹೊಸ ನಕ್ಷೆ ಕಳಿಸಿದ್ದಾನೆ. "ಹಿಂದಿನ ಕ್ಯಾರಿಯರ್ ತೆಗೆದುಬಿಟ್ಟೆ ಮಾವ, ಮೂಟೆ ನಡುವೆ ಬರುತ್ತೆ. ಮೂರರ ಬದಲು ಎರಡೇ ಹಿಡಿಯುತ್ತೆ" ಎಂದು ಬರೆದಿದ್ದಾನೆ. ಎರಡು ಮೂಟೆ ಸಾಕು.